ಹಳೆಯ ಟೈರು ಎಲ್ಲಿಗೆ ಹೋಗುತ್ತದೆ?

(ಬಳಗದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ವೇದಿಕೆಯಿಂದ ವಾಡಿಕೆಯಾಗಿ ಕೇಳಿಬರುವುದು ಕಾಡು, ಹೊಳೆ, ಅಣೆಕಟ್ಟು, ಗಣಿಗಾರಿಕೆಯ ಮಾತು. ಸವೆದ ಟೈರಿನ ಕುರಿತು ಮಾತನಾಡುತ್ತೇನೆಂದಾಗ ಕಾರ್ಯದರ್ಶಿಗಳು ಒಮ್ಮೆ ನನ್ನ ಮುಖ ನೋಡಿದರು. ಆದರೆ ಅದರ ಹಿನ್ನೆಲೆ ನಿಮಗೆಲ್ಲ ತಿಳಿದದ್ದೇ. ನಮ್ಮ ತಾಲ್ಲೂಕಿನ ಗಡಿಯಲ್ಲಿ, ಹಳ್ಳದಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ, ಹಳೆಯ ಟೈರುಗಳಿಂದ ಎಣ್ಣೆ ತೆಗೆಯುವ ಘಟಕವೊಂದಕ್ಕೆ ಅನುಮತಿ ಕೇಳಲಾಗಿದೆ. ಊರಲ್ಲಿ ಹಂಚಿದ ಕರಪತ್ರ ಅದನ್ನು ‘ಪರಿಸರಸ್ನೇಹಿ ಮರುಬಳಕೆ ಉದ್ಯಮ’ ಎಂದು ಬಣ್ಣಿಸಿದೆ. ಗ್ರಾಮಸಭೆಯಲ್ಲಿ ನಾವು ಕೆಲವರು ಎದ್ದುನಿಂತು ‘ಬೇಡ’ ಎಂದೆವು. ಆಗ ಹಿಂದಿನ ಸಾಲಿನಿಂದ ಐಟಿಐ ಓದಿ ಕೆಲಸ ಸಿಗದೆ ಕುಳಿತಿರುವ ಯುವಕನೊಬ್ಬ ಕೇಳಿದ: ‘ನಿಮ್ಮ ಜೀಪಿನ ಹಳೇ ಟೈರು ಎಲ್ಲಿಗೆ ಹೋಯ್ತು, ಮೇಷ್ಟ್ರೇ?’

ನನ್ನಲ್ಲಿ ಉತ್ತರವಿರಲಿಲ್ಲ. ಹೊಸ ಟೈರು ಹಾಕಿಸಿಕೊಂಡು, ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಬಿಲ್ಲಿನಲ್ಲಿ ಒಂದಿಷ್ಟು ರೂಪಾಯಿ ಕಡಿಮೆ ಮಾಡಿದ್ದರು. ಅಷ್ಟಕ್ಕೆ ನನ್ನ ಹೊಣೆ ಮುಗಿದಿತ್ತು. ಆ ಹುಡುಗ ನನ್ನನ್ನು ಸಿಕ್ಕಿಸಬೇಕೆಂದೇ ಕೇಳಿರಬಹುದು. ಆದರೂ ಪ್ರಶ್ನೆ ಸರಿಯಾಗಿತ್ತು. ಇಂದಿನ ನನ್ನ ಮಾತು ಅವನಿಗೆ ಆ ದಿನ ಕೊಡಲಾಗದ ಉತ್ತರ ಎಂದು ತಿಳಿಯಿರಿ.

ಮೊದಲು ಟೈರು ಹುಟ್ಟುವ ಬಗೆ. ಅದು ಕಾರ್ಖಾನೆಯಲ್ಲಿ ಹುಟ್ಟುತ್ತದೆ ಎಂದುಕೊಳ್ಳುತ್ತೇವೆ. ಅದರ ಒಂದು ಪಾಲು ಹುಟ್ಟುವುದು ನಮ್ಮದೇ ಗುಡ್ಡಗಳಲ್ಲಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದ ಮೇರೆಗೆ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ನೆಲೆ ಒದಗಿಸಲು ಸುಳ್ಯ, ಪುತ್ತೂರು ಸೀಮೆಯ ಅರಣ್ಯಭೂಮಿಯಲ್ಲಿ ರಬ್ಬರ್ ತೋಟಗಳನ್ನು ಎಬ್ಬಿಸಲಾಯಿತು. ಆ ಜನರ ಬಗ್ಗೆ ನನ್ನದೇನೂ ತಕರಾರಿಲ್ಲ. ಅವರು ಬೇರೆಯವರು ಬರೆದ ಒಪ್ಪಂದಕ್ಕೆ ಸಿಕ್ಕಿ ಬಂದವರು. ಅನಂತರ ಖಾಸಗಿ ಹಿಡುವಳಿಗಳಲ್ಲಿಯೂ ರಬ್ಬರ್ ಹಬ್ಬಿತು. ದೇಶದಲ್ಲಿ ಬಳಕೆಯಾಗುವ ಸಹಜ ರಬ್ಬರಿನಲ್ಲಿ ಸುಮಾರು ಮೂರನೆಯ ಎರಡು ಪಾಲು ಟೈರಿಗೇ ಹೋಗುತ್ತದೆ. ಆದುದರಿಂದ ರಸ್ತೆಬದಿಯಲ್ಲಿ ಬಿದ್ದಿರುವ ಲಾರಿಯ ಟೈರನ್ನು ನೋಡಿದಾಗ, ಅದರಲ್ಲಿ ಪಶ್ಚಿಮಘಟ್ಟದ ಯಾವುದೋ ಇಳಿಜಾರಿನ ಹಾಲೂ ಸೇರಿರಬಹುದೆಂದು ನೆನೆಯುವುದು ಅತಿಶಯೋಕ್ತಿಯಲ್ಲ.

ಆ ಹಾಲು ಟೈರಾಗುವ ಹಾದಿಯಲ್ಲಿ ಒಂದು ತಿರುವು ಇದೆ. ನಮ್ಮ ಎಲ್ಲ ತೊಡಕುಗಳೂ ಅಲ್ಲಿಂದಲೇ ಆರಂಭ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕದ ಶೋಧಕ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಸೆಟೆಯದೆ ನಿಲ್ಲುತ್ತದೆ ಎಂಬುದನ್ನು ಕಂಡುಕೊಂಡ. ಗಂಧಕವು ರಬ್ಬರಿನ ಎಳೆಎಳೆಗಳ ನಡುವೆ ಗಂಟು ಹಾಕುತ್ತದೆ. ಆ ಗಂಟು ಸುಲಭವಾಗಿ ಬಿಚ್ಚುವಂಥದ್ದಲ್ಲ. ಪ್ಲಾಸ್ಟಿಕ್ ಕೊಡವನ್ನು ಕರಗಿಸಿ ಮತ್ತೊಂದು ಕೊಡ ಮಾಡಬಹುದು. ಕಬ್ಬಿಣವನ್ನೂ ಗಾಜನ್ನೂ ಕರಗಿಸಬಹುದು. ಬೆಂದ ರಬ್ಬರು ಸುಟ್ಟ ಇಟ್ಟಿಗೆಯ ಹಾಗೆ. ಮತ್ತೆ ಹಸಿಮಣ್ಣಾಗಲು ಒಲ್ಲದು. ಇದರ ಮೇಲೆ ಮಸಿಪುಡಿ, ಕೃತಕ ರಬ್ಬರು, ಸತುವಿನ ಭಸ್ಮ, ನೈಲಾನ್ ನೂಲು, ಉಕ್ಕಿನ ತಂತಿ ಎಲ್ಲವೂ ಒಂದರೊಳಗೊಂದು ಹೊಸೆದು ಕುಳಿತಿರುತ್ತವೆ. ಲಕ್ಷ ಕಿಲೋಮೀಟರ್ ಓಡಿದರೂ ಬಿಡಿಯಾಗಬಾರದೆಂಬ ಉದ್ದೇಶದಿಂದಲೇ ಕಟ್ಟಿದ ವಸ್ತುವನ್ನು ಬಿಡಿಸುವುದು ಸುಲಭವಾದೀತೆಂದು ನಿರೀಕ್ಷಿಸುವುದೇ ತಪ್ಪು.

ಆದುದರಿಂದ ‘ಮರುಬಳಕೆ’ ಎಂಬ ನಮ್ಮ ಮಾತನ್ನು ಇಲ್ಲಿ ಸ್ವಲ್ಪ ಅನುಮಾನದಿಂದ ನೋಡಬೇಕಾಗುತ್ತದೆ. ಕನ್ನಡದಲ್ಲಿ ನಾವು ಈ ಒಂದೇ ಪದದ ಅಡಿಯಲ್ಲಿ ಬೇರೆ ಬೇರೆ ಕೆಲಸಗಳನ್ನು ತುಂಬಿದ್ದೇವೆ. ಸವೆದ ಟೈರಿಗೆ ಹೊಸ ಮೇಲ್ಪದರ ಹಚ್ಚಿ ಮತ್ತೆ ಓಡಿಸುವುದು ಮರುಬಳಕೆ. ಕತ್ತರಿಸಿ ಚಪ್ಪಲಿ ಮಾಡುವುದು ಮರುಬಳಕೆ. ಪುಡಿ ಮಾಡಿ ಡಾಂಬರಿಗೆ ಬೆರೆಸುವುದೂ ಮರುಬಳಕೆ. ಕುಲುಮೆಯಲ್ಲಿ ಬೇಯಿಸಿ ಎಣ್ಣೆ ತೆಗೆದು, ಆ ಎಣ್ಣೆಯನ್ನು ಇನ್ನೊಂದು ಕುಲುಮೆಯಲ್ಲಿ ಸುಡುವುದಕ್ಕೂ ಅದೇ ಹೆಸರು. ಮೊದಲನೆಯದರಲ್ಲಿ ಟೈರು ಟೈರಾಗಿಯೇ ಉಳಿಯುತ್ತದೆ. ಕೊನೆಯದರಲ್ಲಿ ಉಳಿಯುವುದು ತಂತಿ ಮತ್ತು ಮಸಿ. ಕರಪತ್ರದವರು ಸುಳ್ಳು ಹೇಳಿಲ್ಲ. ಅವರಿಗೆ ಅನುಕೂಲವಾದ ಪದವೊಂದು ನಮ್ಮ ಭಾಷೆಯಲ್ಲಿ ಸಿದ್ಧವಾಗಿತ್ತು, ಅಷ್ಟೆ.

ನಮ್ಮ ಹಿಂದಿನವರಿಗೆ ಈ ಕಷ್ಟವಿರಲಿಲ್ಲ. ಅವರ ಕಾಲದ ಟೈರು ಸಾಯುವುದಕ್ಕೇ ಬಹಳ ಸಮಯ ತೆಗೆದುಕೊಳ್ಳುತ್ತಿತ್ತು. ಲಾರಿಯಲ್ಲಿ ಸವೆದದ್ದು ರೀಸೋಲ್ ಆಗಿ ಮತ್ತೆ ಲಾರಿಗೇ ಬರುತ್ತಿತ್ತು. ಅಲ್ಲಿಯೂ ಸಲ್ಲದಾದಾಗ ಎತ್ತಿನ ಗಾಡಿಗೆ. ಟೈರ್ ಗಾಡಿ ಬಂದ ಮೇಲೆ ಮರದ ಚಕ್ರದ ಬಡಗಿ ಕೆಲಸ ಕಳೆದುಕೊಂಡ ಎಂಬುದೂ ನಿಜ, ಎತ್ತಿನ ಹೆಗಲಿಗೆ ಭಾರ ಇಳಿಯಿತು ಎಂಬುದೂ ನಿಜ. ಗಾಡಿಯಿಂದಲೂ ಕಳಚಿದ ಟೈರು ಚಪ್ಪಲಿ ಹೊಲಿಯುವವನ ರಂಪಿಗೆಗೆ ಬರುತ್ತಿತ್ತು. ಗದ್ದೆ ಕೆಲಸಕ್ಕೂ ಕಲ್ಲುಗುಡ್ಡಕ್ಕೂ ಆ ಟೈರ್ ಚಪ್ಪಲಿಯ ಹಾಗೆ ಬಾಳಿಕೆ ಬಂದ ಪಾದರಕ್ಷೆ ಇನ್ನೊಂದಿರಲಿಲ್ಲ. ಉಳಿದ ಚೂರುಗಳು ಬಾಗಿಲ ತಿರುಗಣೆಯಾಗಿ, ಪಂಪ್‌ಸೆಟ್ಟಿನ ವಾಷರಾಗಿ, ಹಲಗೆಯ ನಡುವಿನ ಮೆತ್ತೆಯಾಗಿ ಕೊನೆಗೊಳ್ಳುತ್ತಿದ್ದವು. ಯಾರೂ ಇದನ್ನು ಪರಿಸರ ಕಾಳಜಿ ಎಂದು ಕರೆಯಲಿಲ್ಲ. ಬೆಲೆಯಿರುವ ವಸ್ತುವನ್ನು ಬಿಸಾಡುವ ರೂಢಿ ಇರಲಿಲ್ಲ.

ಈ ಸರಪಳಿ ಏಕೆ ಕಡಿಯಿತು ಎಂದು ಕೇಳಿದರೆ ‘ಜನ ಬದಲಾದರು’ ಎಂಬ ಉತ್ತರ ಸಿಗುತ್ತದೆ. ನನಗೆ ಅದು ಪೂರ್ತಿ ಸರಿಯೆನಿಸದು. ಟೈರೇ ಬದಲಾಯಿತು. ಹಿಂದಿನ ಲಾರಿಯ ಟೈರಿನ ಮೈಯಲ್ಲಿ ಇರುತ್ತಿದ್ದುದು ನೈಲಾನ್ ನೂಲಿನ ಪದರಗಳು; ಉಕ್ಕು ಇರುತ್ತಿದ್ದುದು ಅಂಚಿನ ಬಳೆಯಲ್ಲಿ ಮಾತ್ರ. ಆ ಬಳೆಯನ್ನು ಕೊಯ್ದು ತೆಗೆದರೆ ಉಳಿದದ್ದೆಲ್ಲ ಕೈಕತ್ತಿಗೆ ಬಗ್ಗುತ್ತಿತ್ತು. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ನಮ್ಮ ಲಾರಿ, ಬಸ್ಸುಗಳು ರೇಡಿಯಲ್ ಟೈರಿಗೆ ಹೊರಳಿದವು. ಅದು ಹೆಚ್ಚು ಓಡುತ್ತದೆ, ಡೀಸೆಲ್ ಉಳಿಸುತ್ತದೆ. ಅದರ ಗುಣವನ್ನು ಅಲ್ಲಗಳೆಯಲಾಗದು. ಆದರೆ ಲಾರಿಯ ರೇಡಿಯಲ್ಲಿನ ಮೈತುಂಬ ಉಕ್ಕಿನ ಎಳೆ. ಚಪ್ಪಲಿಯವನ ರಂಪಿಗೆ ಅದರ ಮುಂದೆ ಸೋಲುತ್ತದೆ. ಅದನ್ನು ಚೂರು ಮಾಡಲು ಭಾರೀ ಯಂತ್ರ ಬೇಕು, ವಿದ್ಯುತ್ತು ಬೇಕು, ಬಂಡವಾಳ ಬೇಕು. ಹೀಗೆ ಹಳೆಯ ಟೈರು ಊರಿನ ಕೈಕಸುಬಿನಿಂದ ಜಾರಿ, ಗುಜರಿಯ ತಕ್ಕಡಿಗೆ ಬಂತು.

ಆ ತಕ್ಕಡಿಯ ಬಳಿಯೂ ನಾನು ಹೋಗಿದ್ದೆ. ಪೇಟೆಯ ಗುಜರಿ ಅಂಗಡಿಯ ಮಾಲೀಕರು ಹಳೆಯ ಪರಿಚಯದವರು. ಹಿತ್ತಿಲಲ್ಲಿ ಟೈರಿನ ರಾಶಿ ಆಳೆತ್ತರಕ್ಕಿತ್ತು. ‘ದೊಡ್ಡ ಲಾರಿ ಬರ್ತದೆ, ತುಂಬ್ಕೊಂಡು ಹೋಗ್ತದೆ. ಮುಂದಿಂದು ನಮಗೆ ಗೊತ್ತಾಗೂದಿಲ್ಲ ಮೇಷ್ಟ್ರೇ’ ಎಂದರು. ‘ಯಾರು ಜಾಸ್ತಿ ಕೊಡ್ತಾರೋ ಅವರಿಗೆ.’ ಈ ಕೊನೆಯ ಮಾತಿನಲ್ಲಿ ಇಡೀ ವ್ಯವಹಾರ ಅಡಗಿದೆ.

ಒಂದೇ ರಾಶಿಯನ್ನು ಎರಡು ಹಗ್ಗಗಳು ಎಳೆಯುತ್ತಿರುತ್ತವೆ ಎಂದು ಊಹಿಸಿಕೊಳ್ಳಿ. ಒಂದು ಹಗ್ಗ ರಬ್ಬರಿನ ಬೆಲೆ. ಅದು ಏರಿದಾಗ ಹೊಸ ಟೈರು ದುಬಾರಿ, ರೀಟ್ರೆಡಿಂಗ್‌ಗೆ ಗಿರಾಕಿ, ಹಳೆಯ ರಬ್ಬರನ್ನು ಬೇಯಿಸಿ ಮೆದುಗೊಳಿಸಿ ಚಾಪೆ, ಸೈಕಲ್ ಟೈರು, ಕೊಳವೆ ಮಾಡುವವರಿಗೂ ಬೇಡಿಕೆ. ಇನ್ನೊಂದು ಹಗ್ಗ ಉರುವಲು ಎಣ್ಣೆಯ ಬೆಲೆ. ಅದು ಏರಿದಾಗ ಟೈರಿನಿಂದ ಎಣ್ಣೆ ತೆಗೆಯುವವನು ಹೆಚ್ಚು ಹಣ ಕೊಡಬಲ್ಲ. ಮೊದಲನೆಯ ಹಗ್ಗ ಬಲವಾಗಿದ್ದರೆ ಟೈರು ಉಳಿಯುತ್ತದೆ. ಎರಡನೆಯದು ಬಲವಾಗಿದ್ದರೆ ಕುಲುಮೆಗೆ ಹೋಗುತ್ತದೆ. 2011ರ ಏಪ್ರಿಲಿನಲ್ಲಿ ಕೊಟ್ಟಾಯಂ ಪೇಟೆಯಲ್ಲಿ ರಬ್ಬರು ಕಿಲೋಗೆ ಸುಮಾರು 240 ರೂಪಾಯಿ ಮುಟ್ಟಿತ್ತು. 2016ರ ಆರಂಭದಲ್ಲಿ ಅದು ನೂರರ ಕೆಳಗೆ ಕುಸಿಯಿತು. ನಮ್ಮ ಸುಳ್ಯ, ಕೊಡಗಿನ ಸಣ್ಣ ಬೆಳೆಗಾರರು ಆಗ ಪಟ್ಟ ಪಾಡು ನಿಮಗೆ ನೆನಪಿರಬಹುದು. ಅದೇ ವರ್ಷಗಳಲ್ಲಿ ಚೀನಾದ ಅಗ್ಗದ ಲಾರಿ ರೇಡಿಯಲ್‌ಗಳು ಬಂದಿಳಿದವು. ಹೊಸದೇ ಅಷ್ಟು ಅಗ್ಗವಾಗಿ ಸಿಗುವಾಗ ರೀಸೋಲ್ ಮಾಡಿಸುವವರು ಯಾರು? ಸರಕಾರ 2017ರಲ್ಲಿ ಆ ಟೈರುಗಳ ಮೇಲೆ ಸುರಿತಡೆ ಸುಂಕ ಹಾಕುವ ಹೊತ್ತಿಗೆ ಎಷ್ಟೋ ಸಣ್ಣ ರೀಟ್ರೆಡಿಂಗ್ ಅಂಗಡಿಗಳು ಬಾಗಿಲು ಎಳೆದುಕೊಂಡಿದ್ದವು. ನಮ್ಮ ಪೇಟೆಯದೂ ಅವುಗಳಲ್ಲಿ ಒಂದು. 2024ರ ಆಗಸ್ಟಿನಲ್ಲಿ ರಬ್ಬರಿನ ಬೆಲೆ 2011ರ ಮಟ್ಟವನ್ನೂ ಮೀರಿತು; ಆದರೆ ಮುಚ್ಚಿದ ಅಂಗಡಿ ಬೆಲೆ ಏರಿದ ಮಾತ್ರಕ್ಕೆ ತೆರೆಯುವುದಿಲ್ಲ. ಕಸುಬು ಬಲ್ಲವರು ಅಷ್ಟರಲ್ಲಿ ಬೇರೆ ದಾರಿ ಹಿಡಿದಿರುತ್ತಾರೆ.

ರೀಟ್ರೆಡಿಂಗ್ ಬಗ್ಗೆ ನಾನು ಇಷ್ಟು ಮಾತನಾಡಲು ಕಾರಣವಿದೆ. ಟೈರಿನಲ್ಲಿ ರಸ್ತೆಗೆ ತಾಗಿ ಸವೆಯುವುದು ಮೇಲಿನ ಪಟ್ಟಿ ಮಾತ್ರ. ಕೆಳಗಿನ ಕವಚ, ಎಂದರೆ ನೂಲು, ತಂತಿ, ಪಕ್ಕೆ ಎಲ್ಲವೂ ಗಟ್ಟಿಯಾಗಿಯೇ ಇರುತ್ತವೆ. ಸವೆದ ಪಟ್ಟಿಯನ್ನು ಉಜ್ಜಿ ತೆಗೆದು, ಕವಚವನ್ನು ಪರೀಕ್ಷಿಸಿ, ಮೊದಲೇ ಬೇಯಿಸಿಟ್ಟ ಹೊಸ ಪಟ್ಟಿಯನ್ನು ಅಂಟುರಬ್ಬರಿನೊಂದಿಗೆ ಸುತ್ತಿ, ಒತ್ತಡದ ಕೋಣೆಯಲ್ಲಿ ಸುಮಾರು ನೂರು ಡಿಗ್ರಿ ಕಾವಿನಲ್ಲಿ ಕೂಡಿಸುತ್ತಾರೆ. ಹೊಸ ಟೈರಿಗೆ ಬೇಕಾದ ಸಾಮಗ್ರಿಯ ಮೂರನೆಯ ಒಂದು ಪಾಲಿಗಿಂತ ಕಡಿಮೆಯಲ್ಲಿ ಕೆಲಸ ಮುಗಿಯುತ್ತದೆ. ನಮ್ಮ ರಾಜ್ಯದ ಸಾರಿಗೆ ಸಂಸ್ಥೆಗಳು ಬಹುಕಾಲದಿಂದ ಹೀಗೆಯೇ ಟೈರುಗಳನ್ನು ದುಡಿಸಿಕೊಂಡು ಬಂದಿವೆ. ವಿಮಾನಗಳ ಟೈರುಗಳನ್ನು ಹಲವು ಬಾರಿ ರೀಟ್ರೆಡ್ ಮಾಡಿ ಬಳಸುವುದು ಜಗತ್ತಿನಾದ್ಯಂತ ಇರುವ ರೂಢಿ. ಆಕಾಶದಿಂದ ಇಳಿಯುವವರು ನೆಚ್ಚಿದ್ದನ್ನು ನಾವು ‘ರಿಪೇರಿ ಮಾಲು’ ಎಂದು ಹೀಗಳೆಯುತ್ತೇವೆ.

ಹೀಗಳೆಯಲು ಚಾಲಕರಿಗೆ ಕಾರಣವಿಲ್ಲದೆಯೂ ಇಲ್ಲ. ಆಗುಂಬೆ, ಶಿರಾಡಿ, ಚಾರ್ಮಾಡಿ ಘಟ್ಟಗಳ ಅಂಚಿನಲ್ಲಿ ಉದ್ದುದ್ದ ರಬ್ಬರ್ ಪಟ್ಟಿಗಳು ಹಾವಿನ ಪೊರೆಯಂತೆ ಬಿದ್ದಿರುವುದನ್ನು ನೋಡಿದ್ದೀರಿ. ಮಿತಿಮೀರಿ ಹೇರಿದ ಲೋಡು, ಕಡಿಮೆ ಗಾಳಿ, ಇಳಿಜಾರಿನ ಬ್ರೇಕಿನ ಕಾವು ಇವೆಲ್ಲ ಸೇರಿದರೆ ಹೊಸ ಟೈರೂ ಕಿತ್ತುಹೋಗುತ್ತದೆ. ಕವಚ ಪರೀಕ್ಷಿಸದೆ ಹಚ್ಚಿದ ಅಗ್ಗದ ರೀಸೋಲ್ ಇನ್ನೂ ಬೇಗ. ಮುಂದಿನ ಗಾಲಿಗೆ ಹೊಸದು, ಹಿಂದಿನ ಗಾಲಿಗೆ ರೀಟ್ರೆಡ್ ಎಂಬ ವಿವೇಕದ ರೂಢಿಯನ್ನು ಘಟ್ಟದ ದಾರಿಯಲ್ಲಂತೂ ಬಿಡಬಾರದು.

ಟೈರನ್ನು ಪುಡಿ ಮಾಡುವವರ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಡಾಂಬರಿಗೆ ರಬ್ಬರ್ ಪುಡಿ ಬೆರೆಸುವ ಪದ್ಧತಿಯನ್ನು 1960ರ ದಶಕದಲ್ಲಿ ಅಮೆರಿಕದ ಅರಿಜೋನಾದಲ್ಲಿ ಚಾರ್ಲ್ಸ್ ಮೆಕ್‌ಡೊನಾಲ್ಡ್ ಎಂಬ ಎಂಜಿನಿಯರ್ ರೂಢಿಗೆ ತಂದರು. ನಮ್ಮ ಹೆದ್ದಾರಿಗಳಲ್ಲಿಯೂ ಇದು ಬಳಕೆಯಲ್ಲಿದೆ. ಸರಿಯಾಗಿ ಮಾಡಿದರೆ ರಸ್ತೆ ಬಿರುಕು ಬಿಡುವುದು ತಡವಾಗುತ್ತದೆ. ಆಟದ ಮೈದಾನದ ಕೃತಕ ಹುಲ್ಲಿಗೆ ಈ ಪುಡಿಯನ್ನು ಸುರಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಂಥ ಬಳಕೆಯನ್ನು ಎಂಟು ವರ್ಷಗಳಲ್ಲಿ ಕೊನೆಗಾಣಿಸಲು ಯುರೋಪಿನ ಒಕ್ಕೂಟವೇ 2023ರಲ್ಲಿ ನಿಯಮ ಮಾಡಿತು. ಇನ್ನು ಸಿಮೆಂಟ್ ಗೂಡುಗಳು. ಅಲ್ಲಿ ಟೈರು ಕಲ್ಲಿದ್ದಲಿಗೆ ಬದಲಾಗಿ ಉರಿಯುತ್ತದೆ. ಉಕ್ಕು ಸಿಮೆಂಟಿನಲ್ಲೇ ಸೇರುತ್ತದೆ. 1,400 ಡಿಗ್ರಿಗೂ ಮೀರಿದ ಆ ಕಾವಿನಲ್ಲಿ, ಹೊಗೆಯ ಮೇಲೆ ಕಣ್ಣಿಟ್ಟು ಸುಡುವುದು ಬಯಲಲ್ಲಿ ಸುಡುವುದಕ್ಕಿಂತ ಎಷ್ಟೋ ವಾಸಿ. ಆದರೂ ಅದು ಸುಡುವುದೇ.

ಈಗ ನಮ್ಮ ಬಾಗಿಲಿಗೆ ಬಂದಿರುವ ಎಣ್ಣೆಯ ಘಟಕದ ವಿಚಾರ. ಪೈರಾಲಿಸಿಸ್ ಎಂದು ಅದರ ಹೆಸರು. ಮುಚ್ಚಿದ ಉಕ್ಕಿನ ಪೀಪಾಯಿಯಲ್ಲಿ ಟೈರುಗಳನ್ನು ತುಂಬಿ, ಗಾಳಿ ಸೋಕದಂತೆ ನಾಲ್ಕೈದು ನೂರು ಡಿಗ್ರಿಗೆ ಕಾಯಿಸುತ್ತಾರೆ. ರಬ್ಬರು ಒಡೆದು ಆವಿಯಾಗುತ್ತದೆ. ಆವಿ ತಣಿದಾಗ ಎಣ್ಣೆ. ಒಂದು ಟನ್ ಟೈರಿನಿಂದ ಸುಮಾರು 400ರಿಂದ 450 ಕಿಲೋ ಎಣ್ಣೆ, 300ರಿಂದ 350 ಕಿಲೋ ಮಸಿಪುಡಿ, 100ರಿಂದ 150 ಕಿಲೋ ಉಕ್ಕಿನ ತಂತಿ ಸಿಗುತ್ತದೆ, ಉಳಿದದ್ದು ಅನಿಲ. ತಂತಿ ಗುಜರಿಗೆ ಮಾರಾಟವಾಗುತ್ತದೆ. ಗಂಧಕ ತುಂಬಿದ ಆ ಎಣ್ಣೆಗೆ ಕುಲುಮೆಗಳಲ್ಲಿ, ಡಾಂಬರ್ ಕಾಯಿಸುವ ಘಟಕಗಳಲ್ಲಿ ಗಿರಾಕಿಗಳಿದ್ದಾರೆ. ಉಳಿಯುವುದು ಮಸಿ. ಹಿಟ್ಟಿಗಿಂತ ನುಣ್ಣಗಿನ, ಬೂದಿಯೂ ಸತುವೂ ಬೆರೆತ ಈ ಪುಡಿಗೆ ಒಳ್ಳೆಯ ಬೆಲೆ ಸಿಗುವುದು ಕಷ್ಟ. ಆದುದರಿಂದ ಅದು ಅಂಗಳದಲ್ಲಿ ರಾಶಿ ಬೀಳುತ್ತದೆ. ಬಯಲುಸೀಮೆಯಲ್ಲಿ ಅದನ್ನು ಗಾಳಿ ಒಯ್ಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮಲ್ಲಿ ಅದು ಎಲ್ಲಿಗೆ ಇಳಿಯುತ್ತದೆ ಎಂದು ನಿಮಗೆ ವಿವರಿಸಬೇಕಾಗಿಲ್ಲ. ಆ ಹಳ್ಳದ ಕೆಳಗೆ ಎಷ್ಟು ತೋಟಗಳಿವೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಯಂತ್ರ ಸರಿಯಿದ್ದರೆ, ನಡೆಸುವವರು ಸರಿಯಿದ್ದರೆ ಇದೇ ಕೆಲಸವನ್ನು ಹೆಚ್ಚು ಹಾನಿಯಿಲ್ಲದೆ ಮಾಡಬಹುದು ಎನ್ನುತ್ತಾರೆ. ಇರಬಹುದು. ಆದರೆ ದಾಖಲೆ ಏನು ಹೇಳುತ್ತದೆ? 2019ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಸಿರು ನ್ಯಾಯಮಂಡಳಿಯ ಮುಂದೆ ಇಟ್ಟ ಲೆಕ್ಕದಂತೆ 19 ರಾಜ್ಯಗಳಲ್ಲಿ ಇಂಥ 637 ಘಟಕಗಳಿದ್ದವು. ನಿಯಮ ಪಾಲಿಸುತ್ತಿದ್ದುದು 251, ಪಾಲಿಸದಿದ್ದುದು 270, ಮುಚ್ಚಿದ್ದುದು 116. ಇನ್ನೊಂದು ಸಂಗತಿ. ಒಂದು ಹೇರನ್ನು ತುಂಬಿ, ಬೇಯಿಸಿ, ಆರಿಸಿ, ಬಾಗಿಲು ತೆರೆದು ಮಸಿ ಎಳೆಯುವ ಹಳೆಯ ಬಗೆಯ ಪೀಪಾಯಿಗಳಲ್ಲಿ, ಪೂರ್ತಿ ಆರುವ ಮೊದಲೇ ಬಾಗಿಲು ತೆರೆದರೆ ಒಳಗುಳಿದ ಅನಿಲಕ್ಕೆ ಗಾಳಿ ಸೇರಿ ಸಿಡಿಯುವ ಅಪಾಯವಿದೆ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಇಂಥದೊಂದು ಘಟಕದಲ್ಲಿ ಸ್ಫೋಟವಾಗಿ ಇಬ್ಬರು ಮಹಿಳೆಯರೂ ಇಬ್ಬರು ಮಕ್ಕಳೂ ಸತ್ತರು. ಕುಲುಮೆಯ ಬಳಿ ಮಕ್ಕಳು ಏಕಿದ್ದರು ಎಂದು ಕೇಳಬೇಡಿ. ಇಂಥ ಕೆಲಸಕ್ಕೆ ಬರುವ ಬಡವರು ಸಂಸಾರ ಸಮೇತ ಅಲ್ಲೇ ಬೀಡುಬಿಟ್ಟಿರುತ್ತಾರೆ.

ಅಲ್ಲಿ ಬೇಯುತ್ತಿದ್ದುದು ಯುರೋಪಿನಿಂದ ಬಂದ ಟೈರುಗಳು. ಅದೇ ವರ್ಷದ ಮಾರ್ಚ್‌ನಲ್ಲಿ ಬಿಬಿಸಿ ಈ ಬಗ್ಗೆ ಒಂದು ತನಿಖೆಯನ್ನು ಪ್ರಸಾರ ಮಾಡಿತು. ಬ್ರಿಟನ್ನಿನಲ್ಲಿ ‘ಮರುಬಳಕೆಗೆ’ ಎಂದು ಕೊಟ್ಟ ಟೈರುಗಳೊಳಗೆ ಜಾಡು ತಿಳಿಸುವ ಸಾಧನಗಳನ್ನು ಅಡಗಿಸಿಟ್ಟಿದ್ದರು. ಎಂಟು ವಾರಗಳಲ್ಲಿ ಅವು ಗುಜರಾತಿನ ಮುಂದ್ರಾ ಬಂದರು ದಾಟಿ, ನಮ್ಮ ದೇಶದ ಒಳನಾಡಿನ ಕುಲುಮೆಯ ಅಂಗಳ ಸೇರಿದ್ದವು. ಯುರೋಪಿನಲ್ಲಿ ಇಡೀ ಟೈರನ್ನು ನೆಲದಲ್ಲಿ ಹೂಳುವುದಕ್ಕೆ 2003ರಲ್ಲಿ, ಚೂರು ಮಾಡಿ ಹೂಳುವುದಕ್ಕೆ 2006ರಲ್ಲಿ ನಿಷೇಧ ಬಂತು. ಕಾನೂನು ಒಳ್ಳೆಯದೇ. ಆದರೆ ಒಂದು ಕಡೆ ಬಾಗಿಲು ಮುಚ್ಚಿದರೆ ಕಸ ಕಿಟಕಿಯಿಂದ ಹೊರಡುತ್ತದೆ. ಆ ಕಿಟಕಿ ನಮ್ಮ ಅಂಗಳದ ಮೇಲಿದೆ. ಎಣ್ಣೆ, ಮಸಿ ತೆಗೆಯುವುದಕ್ಕಾಗಿ ಹಳೆಯ ಟೈರು ಆಮದು ಮಾಡುವುದನ್ನು ನಮ್ಮ ಸರಕಾರ 2022ರ ಜುಲೈ ನಿಯಮಗಳಲ್ಲಿ ನಿಷೇಧಿಸಿದೆ. ಬೇರೆ ಉದ್ದೇಶ ಬರೆದು ತಂದ ಟೈರು ಕುಲುಮೆಗೆ ಹೋಗದಂತೆ ಕಾಯುವವರು ಯಾರೆಂಬುದೇ ಪ್ರಶ್ನೆ.

ಅದೇ ನಿಯಮಗಳ ಇನ್ನೊಂದು ಮುಖವನ್ನೂ ನೋಡಬೇಕು. ಟೈರು ತಯಾರಿಸುವವರು, ಆಮದು ಮಾಡುವವರು ಹಳೆಯ ಟೈರಿನ ಹೊಣೆಯನ್ನೂ ಹೊರಬೇಕು ಎಂದು ಅವು ವಿಧಿಸಿದವು. 2022-23ರಲ್ಲಿ ಶೇಕಡ 35, ಮರುವರ್ಷ 70, 2024-25ರಿಂದ 100. ಈ ತತ್ತ್ವಕ್ಕಾಗಿ ನಮ್ಮಂಥ ಸಂಘಟನೆಗಳು ವರ್ಷಗಟ್ಟಲೆ ಕೂಗಿದ್ದೇವೆ, ಸ್ವಾಗತಿಸಲೇಬೇಕು. ತಯಾರಕ ತಾನೇ ಟೈರು ಆಯಬೇಕಾಗಿಲ್ಲ. ನೋಂದಾಯಿತ ಮರುಬಳಕೆದಾರ ತಾನು ಸಂಸ್ಕರಿಸಿದ ತೂಕಕ್ಕೆ ಪ್ರಮಾಣಪತ್ರ ಪಡೆಯುತ್ತಾನೆ. ತಯಾರಕ ಅದನ್ನು ಕೊಳ್ಳುತ್ತಾನೆ. ಆದರೆ ರೀಟ್ರೆಡ್ ಮಾಡಿದವನ ಪ್ರಮಾಣಪತ್ರದಿಂದ ತಯಾರಕನಿಗೆ ಸಿಗುವುದು ಆ ತೂಕದ ಹೊಣೆಯನ್ನು ಒಂದು ವರ್ಷ ಮುಂದೂಡುವ ಅವಕಾಶ ಮಾತ್ರ. ಟೈರನ್ನು ಟೈರಾಗಿ ಉಳಿಸಿದವನಿಗೆ ಗಡುವು, ಬೇಯಿಸಿ ಮುಗಿಸಿದವನಿಗೆ ಹೊಣೆ ತೀರಿದ ರಸೀದಿ. ರೀಟ್ರೆಡ್ ಆದ ಟೈರು ಮುಂದೊಂದು ದಿನ ಮತ್ತೆ ಕಸವಾಗುತ್ತದೆ ಎಂಬ ಲೆಕ್ಕ ಇದರ ಹಿಂದಿದೆ, ಒಪ್ಪುತ್ತೇನೆ. ಹಾಗಿದ್ದರೂ ನನ್ನ ಮಟ್ಟಿಗೆ ಇಲ್ಲಿ ತಕ್ಕಡಿ ತಪ್ಪು ಕಡೆಗೆ ವಾಲಿದೆ. ಪ್ರಮಾಣಪತ್ರಗಳ ವ್ಯಾಪಾರದ ಬಗ್ಗೆಯೂ ಎಚ್ಚರವಿರಲಿ. ಪ್ಲಾಸ್ಟಿಕ್ ವಿಷಯದಲ್ಲಿ 2023ರಲ್ಲಿ ಲಕ್ಷಗಟ್ಟಲೆ ಸುಳ್ಳು ಪ್ರಮಾಣಪತ್ರಗಳು ಸಿಕ್ಕಿಬಿದ್ದಿದ್ದವು.

ಇಷ್ಟೆಲ್ಲ ಹೇಳಿ ನಾವು ನಿರ್ದೋಷಿಗಳೆಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಮಳೆಗಾಲದಲ್ಲಿ ಬಚ್ಚಲ ಒಲೆ ಹತ್ತದಿದ್ದರೆ ಸೈಕಲ್ ಟೈರಿನ ತುಂಡು ಇಡದ ಮನೆ ನಮ್ಮಲ್ಲಿ ಎಷ್ಟಿವೆ? ಆ ಹೊಗೆಯಲ್ಲಿರುವುದು ಗಂಧಕದ ಅನಿಲ, ಬೆಂಜೀನ್, ಕ್ಯಾನ್ಸರ್ ತರಬಲ್ಲ ಮಸಿಯ ಸಂಯುಕ್ತಗಳು. ಅದನ್ನು ಮೊದಲು ಕುಡಿಯುವವಳು ಒಲೆಯ ಮುಂದೆ ಕುಳಿತ ಹೆಂಗಸು. ಆನೆ ಓಡಿಸಲು ಟೈರಿಗೆ ಬೆಂಕಿ ಹಚ್ಚುವ ಅಭ್ಯಾಸವೂ ಇದೆ. 2021ರ ಜನವರಿಯಲ್ಲಿ ನೀಲಗಿರಿಯ ಮಸಿನಗುಡಿಯಲ್ಲಿ ರೆಸಾರ್ಟ್ ಒಂದರಿಂದ ಉರಿಯುವ ಟೈರನ್ನು ಆನೆಯ ಮೇಲೆ ಎಸೆದರು. ಅದು ಕಿವಿಯ ಬಳಿ ಸಿಕ್ಕಿ ಉರಿಯುತ್ತಿರುವಾಗ ಪ್ರಾಣಿ ಕಾಡಿನತ್ತ ಓಡಿದ ದೃಶ್ಯವನ್ನು ನೋಡಿದವರು ಮರೆಯಲಾರರು. ಆ ಆನೆ ಬದುಕಲಿಲ್ಲ. ಇನ್ನು ನಮ್ಮ ಚಳವಳಿಗಳು. ಬಂದ್ ಎಂದರೆ ನಡುರಸ್ತೆಯಲ್ಲಿ ಟೈರು ಉರಿಯಲೇಬೇಕು. ನದಿ ಉಳಿಸಿ ಎಂದು ಕೂಗುತ್ತ ನಾವೇ ಹಚ್ಚಿದ ಟೈರಿನ ಹೊಗೆಯಲ್ಲಿ ಕೆಮ್ಮುತ್ತ ನಿಂತ ಒಂದು ಬೆಳಗು ನನಗೆ ಚೆನ್ನಾಗಿ ನೆನಪಿದೆ. ಛಾಯಾಚಿತ್ರ ಮಾತ್ರ ಚೆನ್ನಾಗಿ ಬಂದಿತ್ತು.

ಸುಡದೆ ಸುಮ್ಮನೆ ಇಟ್ಟರೂ ಟೈರು ಸುಮ್ಮನಿರುವುದಿಲ್ಲ. ಅದರ ಒಳಮೈಯಲ್ಲಿ ನಿಂತ ನೀರನ್ನು ಪೂರ್ತಿ ಚೆಲ್ಲುವುದು ಕಷ್ಟ. ನೆರಳು ಸದಾ ಇರುತ್ತದೆ. ಡೆಂಗಿ, ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಅದರ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಬಲ್ಲದು. ಏಷ್ಯಾದ ಹುಲಿಸೊಳ್ಳೆ 1985ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ನೆಲೆಯೂರಿದ್ದು ಹಳೆಯ ಟೈರುಗಳ ಹಡಗಿನ ವ್ಯಾಪಾರದ ಮೂಲಕವೇ. ನಮ್ಮ ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ರಬ್ಬರ್ ತೋಟದ ಚಿಪ್ಪು, ಮನೆಯ ತಾಡಪಾಲಿನ ಮೇಲೆ ಗಾಳಿಗೆ ಹಾರದಿರಲೆಂದು ಹೇರಿದ ಟೈರು, ಇವು ಮೂರೂ ಆ ಸೊಳ್ಳೆಗೆ ಒಂದೇ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಗಿ ಬಂದದ್ದು ನೆನಪಿರಲಿ. ತಾಡಪಾಲಿಗೆ ಟೈರು ಬೇಕೇಬೇಕೆಂದರೆ ಕೆಳಗೆ ನಾಲ್ಕು ತೂತು ಕೊರೆಯಿರಿ, ಅಥವಾ ಅಡ್ಡಕ್ಕೆ ಸೀಳಿ ಕವುಚಿ ಹಾಕಿ.

ಕೆಲವು ಗೆಳೆಯರು ಹಳೆಯ ಟೈರುಗಳನ್ನು ಪೇರಿಸಿ ಹಳ್ಳಕ್ಕೆ ತಡೆಗಟ್ಟು ಕಟ್ಟಬಹುದೆಂದು ಸೂಚಿಸಿದ್ದಾರೆ. ಸದುದ್ದೇಶದ ಸೂಚನೆ, ಆದರೆ 1970ರ ದಶಕದಲ್ಲಿ ಫ್ಲಾರಿಡಾ ತೀರದಲ್ಲಿ ಮೀನುಗಳಿಗೆ ಆಸರೆಯಾಗಲೆಂದು ಸುಮಾರು 20 ಲಕ್ಷ ಟೈರುಗಳನ್ನು ಕಟ್ಟಿ ಸಮುದ್ರಕ್ಕೆ ಇಳಿಸಿದವರದೂ ಸದುದ್ದೇಶವೇ ಆಗಿತ್ತು. ಕಟ್ಟು ಸಡಿಲಿತು, ಟೈರುಗಳು ಅಲೆಗಳೊಂದಿಗೆ ಉರುಳಿ ಇದ್ದ ಹವಳವನ್ನೂ ಹೊಡೆದವು, ದಶಕಗಳ ಅನಂತರ ಮುಳುಗುಗಾರರನ್ನು ಇಳಿಸಿ ಒಂದೊಂದಾಗಿ ಎತ್ತಿಸಬೇಕಾಯಿತು. ಟೈರಿನಿಂದ ಸತುವೂ ಬೇರೆ ರಾಸಾಯನಿಕಗಳೂ ನೀರಿಗೆ ಸೋರುತ್ತವೆ. ಅಮೆರಿಕದ ಸಿಯಾಟಲ್ ಸುತ್ತಲಿನ ತೊರೆಗಳಲ್ಲಿ ಮಳೆ ಬಂದೊಡನೆ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಟೈರಿನ ರಬ್ಬರನ್ನು ಬಾಳಿಕೆ ಬರಿಸಲು ಹಾಕುವ ರಾಸಾಯನಿಕವೊಂದರ ರೂಪಾಂತರವೇ ಕಾರಣವೆಂದು ವಿಜ್ಞಾನಿಗಳು 2020ರಲ್ಲಿ ತೋರಿಸಿಕೊಟ್ಟರು. ಆ ಮೀನು ನಮ್ಮ ಹೊಳೆಯದಲ್ಲ. ಟೈರು ಮಾತ್ರ ಹೆಚ್ಚುಕಡಿಮೆ ಅದೇ. ಹರಿಯುವ ನೀರಿನಲ್ಲಿ ಟೈರು ಹೂಳುವುದನ್ನು ನಾವು ಮಾಡಬಾರದು.

ಹಾಗಾದರೆ ಆ ಘಟಕದ ಬಗ್ಗೆ ನಮ್ಮ ನಿಲುವೇನು? ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ದಿನಕ್ಕೆ 10 ಟನ್ ಟೈರು ಸಂಸ್ಕರಿಸುತ್ತೇವೆ ಎಂದು ಅವರು ಬರೆದಿದ್ದಾರೆ. ಒಂದು ಲಾರಿ ಟೈರಿಗೆ 55 ಕಿಲೋ ಎಂದು ಹಿಡಿದರೆ ದಿನಕ್ಕೆ 180 ಲಾರಿ ಟೈರು. ಕಾರಿನವಾದರೆ ಸಾವಿರದ ಇನ್ನೂರಕ್ಕೂ ಹೆಚ್ಚು. ದಿನವೂ. ನಮ್ಮ ತಾಲ್ಲೂಕಿನಲ್ಲಿ ಅಷ್ಟು ಟೈರು ಸವೆಯುವುದಿಲ್ಲ. ಸುತ್ತಲಿನ ನಾಲ್ಕು ತಾಲ್ಲೂಕು ಸೇರಿಸಿದರೂ ಸಾಲದು. ಎಂದ ಮೇಲೆ ಹೊರಗಿನ ಟೈರು ಘಟ್ಟ ಹತ್ತಿ ಬರಬೇಕು, ಎಣ್ಣೆ ಘಟ್ಟ ಇಳಿದು ಹೋಗಬೇಕು, ಮಸಿ ಇಲ್ಲಿ ಉಳಿಯಬೇಕು. ‘ನಿಮ್ಮ ಟೈರನ್ನು ನೀವೇ ನೋಡಿಕೊಳ್ಳಿ’ ಎಂಬ ನ್ಯಾಯ ಈ ಘಟಕಕ್ಕೆ ಅನ್ವಯಿಸದು. ಟೈರು ಎಲ್ಲಿಂದ ಬರುತ್ತದೆ, ಮಸಿಯನ್ನು ಯಾರು ಕೊಳ್ಳುತ್ತಾರೆ, ಪೀಪಾಯಿ ಯಾವ ಬಗೆಯದು ಎಂಬ ಮೂರು ಪ್ರಶ್ನೆಗಳನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೇಳಿದ್ದೇವೆ. ಉತ್ತರ ಬಂದಿಲ್ಲ. ಬರುವವರೆಗೂ ನಮ್ಮ ವಿರೋಧ ಇರುತ್ತದೆ.

ಆದರೆ ಆ ಯುವಕನಿಗೆ ಇದಿಷ್ಟೇ ಉತ್ತರವಾಗದು. ಅವನು ಕೇಳಿದ್ದು ಟೈರಿನ ಬಗ್ಗೆಯಾದರೂ ಅವನಿಗೆ ಬೇಕಾದದ್ದು ಕೆಲಸ. ಅವನನ್ನು ಕರೆದುಕೊಂಡು ಹಳೆಯ ರೀಟ್ರೆಡಿಂಗ್ ಅಂಗಡಿ ನಡೆಸುತ್ತಿದ್ದವರ ಮನೆಗೆ ಹೋಗಿದ್ದೆ. ಯಂತ್ರಗಳನ್ನು ಅವರು ಮಾರಿಲ್ಲ. ಗೋಣಿ ಹೊದಿಸಿ ಇಟ್ಟಿದ್ದಾರೆ. ‘ಗಿರಾಕಿ ತಂದುಕೊಡಿ, ನಾನು ಕಲಿಸ್ತೇನೆ’ ಎಂದರು. ಗಿರಾಕಿಗಳು ನಮ್ಮಲ್ಲೇ ಇದ್ದಾರೆ. ಅಡಿಕೆ ಸೊಸೈಟಿಗಳ ಲಾರಿಗಳು, ಶಾಲಾ ವಾಹನಗಳು, ಹಾಲಿನ ಗಾಡಿಗಳು, ಟ್ರ್ಯಾಕ್ಟರಿನ ಟ್ರೇಲರುಗಳು. ವರ್ಷಕ್ಕೆ ಎಷ್ಟು ಟೈರು ಎಂದು ಯಾರೂ ಎಣಿಸಿಲ್ಲ. ಎಣಿಸದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಎಣಿಸಿದ ಮೇಲೆ ಇದು ನಷ್ಟದ ಬಾಬತ್ತು ಎಂದು ತಿಳಿದುಬಂದರೂ ಬರಬಹುದು. ಅದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಆ ಎಣಿಕೆಯ ಕೆಲಸವನ್ನು ಆ ಹುಡುಗನೇ ಒಪ್ಪಿಕೊಂಡಿದ್ದಾನೆ. ಬಾಗಿಲ ಬಳಿ ಕುಳಿತಿದ್ದಾನೆ. ಮೇಜಿನ ಮೇಲೆ ಪುಸ್ತಕವಿದೆ. ಊಟಕ್ಕೆ ಹೋಗುವ ಮುನ್ನ ನಿಮ್ಮ ಮನೆಯ, ಸೊಸೈಟಿಯ, ಶಾಲೆಯ ವಾಹನಗಳ ಸಂಖ್ಯೆ, ಟೈರಿನ ಅಳತೆ, ಕಳೆದ ಬಾರಿ ಬದಲಿಸಿದ ತಿಂಗಳು, ಹಳೆಯದನ್ನು ಯಾರಿಗೆ ಕೊಟ್ಟಿರಿ ಎಂಬುದನ್ನು ಬರೆಸಿ ಹೋಗಿ. ಮೊದಲ ಸಾಲಿನಲ್ಲಿ ನನ್ನ ಜೀಪು ಇದೆ. ಕೊನೆಯ ಕಾಲಂ ಖಾಲಿ ಬಿಟ್ಟಿದ್ದೇನೆ.